ಜೊಂಡಿನ ಕೆಳಗಿನ ನೆಲ

ಚಂಡಮಾರುತ ದಾರಿ ಬದಲಿಸಿ ಇತ್ತಲೇ ತಿರುಗಿದೆ ಎಂಬ ಸುದ್ದಿ ಬಂದ ಬೆಳಿಗ್ಗೆ ನಕ್ಷೆ ಕಚೇರಿಯಲ್ಲಿ ಯಾರೂ ಕುರ್ಚಿಯಲ್ಲಿ ಕೂತಿರಲಿಲ್ಲ. ಎಲ್ಲರೂ ಗೋಡೆಯ ಟೀವಿಯ ಮುಂದೆ ನಿಂತಿದ್ದರು. ಪರದೆಯ ಮೇಲೆ ಕರಾವಳಿಯ ಬಣ್ಣದ ನಕ್ಷೆಯಿತ್ತು. ಕೆಂಪು ಬಳಿದ ಜಾಗದವರು ಸಂಜೆಯೊಳಗೆ ಮನೆ ಬಿಡಬೇಕು, ಹಳದಿಯವರು ಬಾಗಿಲು ಕಿಟಕಿ ಭದ್ರ ಮಾಡಿಕೊಂಡು ಒಳಗೇ ಇರಬೇಕು ಎಂದು ಸುದ್ದಿ ಓದುವವಳು ಮತ್ತೆ ಮತ್ತೆ ಹೇಳುತ್ತಿದ್ದಳು.

“ನಮ್ಮ ನಕ್ಷೆ ಕಣ್ರೀ,” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಅಂಥ ಹೊತ್ತಿನಲ್ಲೂ ಆ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇಣುಕಿತು.

ನಿಜ ಹೇಳಬೇಕೆಂದರೆ ಅದರ ಬಹುಪಾಲು ಚುಕ್ಕಿಯ ಕೆಲಸ. ಚುಕ್ಕಿ ಎಂಬುದು ಅವಳಿಗೆ ಕಚೇರಿಯವರು ಇಟ್ಟ ಹೆಸರು. ಈಚೆಗೆ ಮನೆಯಲ್ಲಿ ಗಂಡನೂ ಹಾಗೇ ಕರೆಯುತ್ತಿದ್ದ. ವಿಮಾನವೊಂದು ಕರಾವಳಿಯ ಉದ್ದಕ್ಕೂ ಹಾರುತ್ತಾ ಕೆಳಗೆ ಲೇಸರ್ ಬೆಳಕನ್ನು ಚಿಮ್ಮಿಸುತ್ತದೆ. ಆ ಬೆಳಕು ಏನಕ್ಕೋ ಬಡಿದು ಮರಳಿ ಬರುತ್ತದೆ. ಬರಲು ಹಿಡಿದ ಹೊತ್ತಿನಿಂದ ಆ ಜಾಗದ ಎತ್ತರ ಗೊತ್ತಾಗುತ್ತದೆ. ಹೀಗೆ ಕೋಟಿಗಟ್ಟಲೆ ಚುಕ್ಕಿಗಳು ಕಂಪ್ಯೂಟರಿಗೆ ಬಂದು ಬೀಳುತ್ತವೆ. ಬೆಳಕಿಗೇನು, ಅದು ಮರಕ್ಕೂ ಬಡಿಯುತ್ತದೆ, ಛಾವಣಿಗೂ ಬಡಿಯುತ್ತದೆ, ನಿಂತ ಲಾರಿಯ ಬೆನ್ನಿಗೂ ಬಡಿಯುತ್ತದೆ. ಅವುಗಳಲ್ಲಿ ನೆಲಕ್ಕೆ ಬಡಿದದ್ದು ಯಾವುದು ಎಂದು ಬೇರ್ಪಡಿಸುವುದೇ ಅವಳ ಕೆಲಸ. ಮೊದಲ ಜರಡಿ ಕಂಪ್ಯೂಟರಿನದು, ಎರಡನೆಯದು ಅವಳ ಕಣ್ಣಿನದು. ಎಷ್ಟೋ ವರ್ಷ ಆ ಚುಕ್ಕಿಗಳ ಮುಂದೆ ಕೂತು ಅವಳಿಗೆ ಹೊಸಬರ ಮುಖ ನೋಡಿದರೂ ಹಣೆ ಯಾವುದು ಕೂದಲು ಯಾವುದು ಎಂದು ವಿಂಗಡಿಸುವ ಚಾಳಿ ಹತ್ತಿದೆ ಎಂದು ಗಂಡ ತಮಾಷೆ ಮಾಡುತ್ತಿದ್ದ.

ಟೀವಿಯವರು ನಕ್ಷೆಯನ್ನು ಹಿಗ್ಗಿಸಿ ನದಿ ಕಡಲು ಸೇರುವ ಮೂಲೆಯನ್ನು ತೋರಿಸಿದರು. ಅಲ್ಲಿ ಒಂದು ಹಳದಿ ತುಂಡಿತ್ತು. ಅದರ ನಡುವೆ ಉದ್ದನೆಯ ಒಂದಂತಸ್ತಿನ ಕಟ್ಟಡ: ಅವಳ ಅಕ್ಕ ಮೇಲ್ವಿಚಾರಕಿಯಾಗಿದ್ದ ವೃದ್ಧಾಶ್ರಮ.

ಸದ್ಯ, ಹಳದಿ, ಎಂದು ಚುಕ್ಕಿ ಉಸಿರುಬಿಟ್ಟಳು. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಅವಳ ಕಣ್ಣು ಮತ್ತೆ ಆ ಮೂಲೆಗೆ ಹೋಯಿತು.

ಆ ಮೂಲೆ ಅವಳಿಗೆ ಚೆನ್ನಾಗಿ ನೆನಪಿತ್ತು. ವಿಮಾನ ಹಾರಬೇಕಾಗಿದ್ದದ್ದು ಚಳಿಗಾಲದಲ್ಲಿ, ಗಿಡಗಂಟಿ ಒಣಗಿ ಬೋಳಾಗಿರುವಾಗ. ಮೊದಲು ಮಂಜು ಅಡ್ಡಬಂತು. ಆಮೇಲೆ ವಿಮಾನದ ಯಾವುದೋ ಭಾಗ ಕೆಟ್ಟು ಬಿಡಿಭಾಗ ಬರುವುದು ತಡವಾಯಿತು. ಕೊನೆಗೆ ಹಾರಿದಾಗ ಆಶ್ರಮದ ಮುಂದಿನ ಜೌಗಿನಲ್ಲಿ ಜೊಂಡು ಆಳೆತ್ತರ ಬೆಳೆದು ನಿಂತಿತ್ತು. ಕಡಲಿನ ಕಡೆಯಿಂದ ಆಶ್ರಮವನ್ನು ಕಾಯಬೇಕಾದ ಹಳೆಯ ಮಣ್ಣಿನ ಒಡ್ಡು ಹಾದುಹೋಗುವುದು ಆ ಜೊಂಡಿನ ನಡುವೆಯೇ.

ಅವಳು ಟೀವಿ ಬಿಟ್ಟು ತನ್ನ ಜಾಗಕ್ಕೆ ಬಂದು ಆ ಮೂಲೆಯ ಚುಕ್ಕಿಗಳನ್ನು ತೆರೆದಳು. ಒಡ್ಡನ್ನು ಚಾಕುವಿನಿಂದ ಕೊಯ್ದಂತೆ ಅಡ್ಡಲಾಗಿ ಕತ್ತರಿಸಿ ನೋಡಿದಳು. ಗಟ್ಟಿ ನೆಲವಾದರೆ ಚುಕ್ಕಿಗಳು ದಾರ ಎಳೆದ ಹಾಗೆ ಒಂದೇ ಗೆರೆಯಲ್ಲಿ ಕೂರುತ್ತವೆ. ಒಡ್ಡಿನ ಬಹುಪಾಲು ಹಾಗೇ ಇತ್ತು. ಆದರೆ ಒಂದು ಕಡೆ ದಾರ ಬಿಚ್ಚಿಕೊಂಡು ಹಿಂಜಿದ ಹತ್ತಿಯಂತಾಗಿತ್ತು. ಮೇಲೊಂದಿಷ್ಟು ಚುಕ್ಕಿ, ಕೆಳಗೊಂದಿಷ್ಟು ಚುಕ್ಕಿ, ನಡುವೆ ದಟ್ಟ ಮಬ್ಬು. ಕಂಪ್ಯೂಟರ್ ಅಕ್ಕಪಕ್ಕದ ಒಡ್ಡಿನ ಎತ್ತರವನ್ನು ನೋಡಿ ಈ ಮಬ್ಬಿನ ನಡುಮಧ್ಯವನ್ನೇ ನೆಲ ಎಂದುಕೊಂಡಿತ್ತು. ಅವಳೂ ಅದಕ್ಕೆ ತಲೆಯಾಡಿಸಿದ್ದಳು. ಒಡ್ಡು ಎಂದಮೇಲೆ ನಡುವೆ ಮಾಯವಾಗುತ್ತದೆಯೇ ಎಂದು ಯಾರಾದರೂ ಹಾಗೇ ತಿಳಿಯುತ್ತಿದ್ದರು.

ಮಾಯವಾಗಿದ್ದರೆ? ಬೆಳಕು ಕೆಸರಿನವರೆಗೆ ಇಳಿಯದೆ ಜೊಂಡಿನ ಸೊಂಟಕ್ಕೆ ಬಡಿದು ಹಿಂತಿರುಗಿದ್ದರೆ?

ಅವಳು ಎದ್ದು ಮೇಲಧಿಕಾರಿಯ ಕೋಣೆಗೆ ಹೋದಳು. ಅವರು ಎರಡು ಫೋನುಗಳ ನಡುವೆ ಸಿಕ್ಕಿಬಿದ್ದಿದ್ದರು. ಒಂದನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದುಕೊಂಡೇ, ಅವಳು ತೋರಿಸಿದ ಚಿತ್ರವನ್ನು ನೋಡಿದರು. ನೋಡುತ್ತಾ ಫೋನನ್ನು ನಿಧಾನವಾಗಿ ಕೆಳಗಿಟ್ಟರು.

“ತಪ್ಪಿದೆ ಅಂತ ಖಾತ್ರಿನಾ?”

“ಖಾತ್ರಿ ಇಲ್ಲ ಸರ್. ಅನುಮಾನ.”

“ಅನುಮಾನ ಇಟ್ಕೊಂಡು ಈಗ ನಾನು ಏನು ಹೇಳಲಿ?” ಅವರು ಹಣೆ ಉಜ್ಜಿಕೊಂಡರು. ಒರಟು ಮನುಷ್ಯರಲ್ಲ, ಆ ಹೊತ್ತಿಗೆ ಹೈರಾಣಾಗಿದ್ದರು. “ನೀನೇ ಯೋಚನೆ ಮಾಡು. ನಕ್ಷೆ ತಪ್ಪಿರಬಹುದು ಅಂತ ನಾವೇ ಬಾಯಿಬಿಟ್ರೆ ಕೆಂಪಿನಲ್ಲಿರೋರು ಏನಂತಾರೆ? ನಮ್ಮದೂ ತಪ್ಪಿರಬಹುದು ಅಂತ ಮನೆಯಲ್ಲೇ ಕೂತ್ಕೋತಾರೆ. ಅರ್ಧ ಊರನ್ನ ಬೇಡಿಕೊಂಡು ಬೇಡಿಕೊಂಡು ಎಬ್ಬಿಸ್ತಾ ಇದ್ದೀವಿ ನಾವಿಲ್ಲಿ.”

ಅವರ ಮಾತಿನಲ್ಲಿ ನ್ಯಾಯವಿತ್ತು. ಅದೇ ಅವಳಿಗೆ ಇನ್ನಷ್ಟು ಕಷ್ಟವಾದದ್ದು.

“ಅಳತೆ ತಂದುಕೊಡು,” ಎಂದರು ಕೊನೆಗೆ. “ಜಿಪಿಎಸ್ ಕೋಲು ತಗೊಂಡು ಹೋಗು. ಆ ಜಾಗದಲ್ಲಿ ನಿಂತು ನೆಲದ ಎತ್ತರ ಹಿಡಿದು ತಾ. ಅಳತೆ ಕೈಗೆ ಬಂದರೆ ನಾನು ಯಾರ ಮುಂದೆ ಬೇಕಾದ್ರೂ ಹೋಗಿ ನಿಲ್ತೀನಿ. ಆದರೆ ಗಾಳಿ ಏಳೋ ಮೊದಲು ವಾಪಸ್ ಬಂದುಬಿಡಬೇಕು. ನಿನ್ನನ್ನ ಹುಡುಕೋಕೆ ಇನ್ನೊಂದು ತಂಡ ಕಳಿಸೋ ಹಾಗಾಗಬಾರದು.”

ಕಚೇರಿಯ ಜೀಪುಗಳೆಲ್ಲ ಪರಿಹಾರದ ಕೆಲಸಕ್ಕೆ ಹೋಗಿದ್ದವು. ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಶಾಲೆಯ ಬಸ್ಸಿನ ಡ್ರೈವರ್. ಮಕ್ಕಳನ್ನು ಬೇಗ ಮನೆಗೆ ಬಿಟ್ಟು ಖಾಲಿ ಬಸ್ಸಿನೊಂದಿಗೆ ಶಾಲೆಯ ಅಂಗಳದಲ್ಲಿ ನಿಂತಿದ್ದ. ಯಾಕೆ, ಏನು ಎಂದು ಕೇಳಲಿಲ್ಲ. “ಬಾಗಿಲ ಹತ್ರ ನಿಂತಿರು, ಬಂದೆ,” ಎಂದಷ್ಟೇ ಅಂದ. ಅದರ ಬೆನ್ನಿಗೇ ಅವಳು ಅಕ್ಕನಿಗೂ ಫೋನ್ ಮಾಡಿದಳು.

“ಹಳದಿಯಲ್ಲಿದ್ದೀವಿ ಅಂತ ಈಗ ತಾನೇ ಎಲ್ಲರಿಗೂ ಹೇಳಿ ಸಮಾಧಾನ ಮಾಡಿದ್ದೀನಿ,” ಎಂದಳು ಅಕ್ಕ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. “ಮೇಣದಬತ್ತಿ ಎಣಿಸ್ತಾ ಇದ್ದೀನಿ. ಏನು ಹೇಳು ಬೇಗ.”

“ಅಕ್ಕಾ, ನಾನು ಅಲ್ಲಿಗೇ ಬರ್ತಿದ್ದೀನಿ. ನಿಮ್ಮ ಮುಂದಿನ ಒಡ್ಡು ಒಂದು ಸಲ ನೋಡಬೇಕು.”

ಪಾತ್ರೆಗಳ ಸದ್ದು ನಿಂತಿತು. ಚಿಕ್ಕಂದಿನಲ್ಲಿ ತಂಗಿ ಬಿದ್ದು ಮಂಡಿ ತರಚಿಕೊಂಡು ಬಂದಾಗಲೂ ಅಕ್ಕ ಹೀಗೇ ಮೊದಲು ಸುಮ್ಮನಾಗುತ್ತಿದ್ದಳು, ಬೈಗುಳ ಆಮೇಲೆ.

“ಬಾ,” ಎಂದಳು.

ದಾರಿಯುದ್ದಕ್ಕೂ ಎದುರಿನಿಂದ ವಾಹನಗಳ ಸಾಲು. ಛಾವಣಿಯ ಮೇಲೆ ಹಾಸಿಗೆ, ಕುರ್ಚಿ, ಹೊಲಿಗೆ ಯಂತ್ರ ಕಟ್ಟಿಕೊಂಡು ಜನ ಮೇಲಕ್ಕೆ ಹೊರಟಿದ್ದರು. ಕಡಲಿನ ಕಡೆಗೆ ಹೋಗುತ್ತಿದ್ದದ್ದು ಇವರ ಬಸ್ಸೊಂದೇ. ಚುಕ್ಕಿ ಮಕ್ಕಳ ಸೀಟಿನಲ್ಲಿ ಮಂಡಿ ಮಡಚಿ ಕೂತು ಮಡಿಲಲ್ಲಿ ಉಪಕರಣದ ಪೆಟ್ಟಿಗೆಯನ್ನು ಹಿಡಿದುಕೊಂಡಿದ್ದಳು. ಆಕಾಶ ಇನ್ನೂ ಶುಭ್ರವಾಗಿತ್ತು. ಅದೇ ಭಯ ಹುಟ್ಟಿಸುವಂತಿತ್ತು.

“ನಿನ್ನ ಅನುಮಾನ ಸುಳ್ಳಾದ್ರೆ?” ಎಂದ ಗಂಡ, ಕನ್ನಡಿಯಲ್ಲಿ ಅವಳನ್ನು ನೋಡುತ್ತಾ.

“ಸುಳ್ಳಾಗಲಿ ಅಂತಾನೇ ಹೋಗ್ತಿರೋದು.”

ಆಶ್ರಮದ ಪಕ್ಕದ ಕಚ್ಚಾದಾರಿ ಮುಗಿದಲ್ಲಿ ಬಸ್ಸು ನಿಲ್ಲಿಸಿ ಇಬ್ಬರೂ ಇಳಿದರು. ರಸ್ತೆಯಿಂದ ನೋಡಿದರೆ ಒಡ್ಡು ಒಂದೇ ಸಮನಾದ ಹಸಿರು ದಿಬ್ಬದಂತೆ ಕಾಣುತ್ತಿತ್ತು. ಎಲ್ಲೂ ತಗ್ಗಿಲ್ಲ, ಎಲ್ಲೂ ಬಿರುಕಿಲ್ಲ. ಚುಕ್ಕಿಗೆ ಒಂದು ಕ್ಷಣ ನಾಚಿಕೆಯಾಯಿತು. ಸುಮ್ಮನೆ ಎಲ್ಲರ ತಲೆ ಕೆಡಿಸಿದೆನೇನೋ ಅನ್ನಿಸಿತು. ಒಡ್ಡಿನ ಮೇಲೆ ಹತ್ತಿ ನಡೆದರು. ಕಾಲ ಕೆಳಗೆ ಗಟ್ಟಿ ಮಣ್ಣು. ಕೋಲು ನೆಟ್ಟು ನೋಡಿದಳು, ನಕ್ಷೆಯ ಎತ್ತರವೇ ಬಂತು. ಇನ್ನಷ್ಟು ನಡೆದು ಮತ್ತೆ ನೆಟ್ಟಳು. ಅಲ್ಲೂ ಸರಿಯಿತ್ತು.

“ನೋಡಿದ್ಯಾ?” ಎಂದ ಗಂಡ, ಮುಖ ಅರಳಿಸಿ.

ಜೊಂಡು ದಟ್ಟವಾದಲ್ಲಿ ಅವಳು ಕೈಯಿಂದ ಸರಿಸುತ್ತಾ ಒಳಹೊಕ್ಕಳು. ಎಲೆಗಳ ಅಂಚು ಮುಂಗೈಯನ್ನು ಗೀರಿತು. ಎದುರು ಏನೂ ಕಾಣುತ್ತಿರಲಿಲ್ಲ, ತಲೆಯ ಮೇಲೆ ಮಾತ್ರ ಬೆಳಕು. ಇನ್ನೊಂದು ಹೆಜ್ಜೆ ಇಟ್ಟಾಗ ಕಾಲಿಗೆ ನೆಲವೇ ಸಿಗಲಿಲ್ಲ. ಜಾರಿ ಸೊಂಟದವರೆಗೆ ಕೆಸರುನೀರಿಗೆ ಇಳಿದಳು. ಬಾಯಿಂದ ಬಂದ ಕೂಗು ಅವಳಿಗೇ ಅಪರಿಚಿತವಾಗಿತ್ತು.

“ಚುಕ್ಕೀ!”

“ಬರಬೇಡ! ಅಲ್ಲೇ ನಿಲ್ಲು. ಇಲ್ಲಿ ಒಡ್ಡಿಲ್ಲ.”

ಹಾಗೆ ಹೇಳಿದ ಮೇಲೆ ಆ ಮಾತಿನ ಅರ್ಥ ಅವಳ ತಲೆಗಿಳಿಯಿತು. ಅಲ್ಲಿ ಒಡ್ಡಿರಲಿಲ್ಲ. ಯಾವ ಕಾಲದಲ್ಲೋ ಕುಸಿದು ಕೊಚ್ಚಿಹೋಗಿ, ಆ ಬಾಯನ್ನು ಜೊಂಡು ಮುಚ್ಚಿಕೊಂಡಿತ್ತು. ಕಡಲು ಅತ್ತ, ಆಶ್ರಮ ಇತ್ತ, ನಡುವೆ ಹುಲ್ಲು.

ಕೋಲನ್ನು ಕೆಸರಿನ ತಳಕ್ಕೆ ಊರಿ ನೇರ ಹಿಡಿದಳು. ಕೋಲಿನ ತುದಿಯ ಯಂತ್ರಕ್ಕೆ ಉಪಗ್ರಹದ ಸಂಕೇತ ಸಿಗಲಿಲ್ಲ. ಪರದೆಯ ಮೇಲೆ ಕಾಯಿರಿ, ಕಾಯಿರಿ ಎಂಬ ಗುರುತು ಮಿನುಗುತ್ತಲೇ ಇತ್ತು. ಅದು ಇಳಿತದ ಹೊತ್ತು, ನೀರು ಹಿಂದಕ್ಕೆ ಸರಿದಿರಬೇಕಾದ ಹೊತ್ತು. ಆದರೂ ಜೊಂಡಿನ ಬುಡದಲ್ಲಿ ನೀರು ಆಶ್ರಮದ ಕಡೆಗೆ ಮೆಲ್ಲಗೆ ಜರುಗುತ್ತಿರುವುದು ಅವಳ ಮಂಡಿಗೆ ತಿಳಿಯುತ್ತಿತ್ತು. ಗಂಡ ತನ್ನ ಬೆಲ್ಟನ್ನು ಬಿಚ್ಚಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಗಟ್ಟಿಯಾಗಿ ಹಿಡಿದು, “ಪ್ಯಾಂಟು ಜಾರಿದ್ರೆ ನೋಡೋರು ಯಾರೂ ಇಲ್ಲ, ನೀನು ಜಾರಬೇಡ,” ಎಂದ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೊನೆಗೆ ಯಂತ್ರ ಸದ್ದು ಮಾಡಿತು. ಅಳತೆ ಸಿಕ್ಕಿತು. ನಕ್ಷೆಯಲ್ಲಿದ್ದದ್ದಕ್ಕಿಂತ ಅವಳ ಎದೆಯಷ್ಟು ಕೆಳಗೆ. ಅತ್ತಿತ್ತ ಸರಿದು ಇನ್ನೂ ಹಲವು ಕಡೆ ಹಿಡಿದಳು. ಬಸ್ಸೊಂದನ್ನು ಅಡ್ಡ ನಿಲ್ಲಿಸಬಹುದಾದಷ್ಟು ಅಗಲಕ್ಕೆ ಅದೇ ಕಥೆ.

ಅಳತೆ ತಲುಪಿದ ತಕ್ಷಣ ಮೇಲಧಿಕಾರಿ ಮಾತಿಗೆ ತಪ್ಪಲಿಲ್ಲ. ವಿಪತ್ತು ನಿರ್ವಹಣಾ ಕಚೇರಿಗೆ ತಾವೇ ಓಡಿದರು. ಚುಕ್ಕಿ ಕೆಸರು ಮೆತ್ತಿದ ಬಟ್ಟೆಯಲ್ಲೇ ಆಶ್ರಮದ ಬಟ್ಟೆ ಕೋಣೆಯಲ್ಲಿ, ಮಡಚಿಟ್ಟ ಹೊದಿಕೆಗಳ ಕಪಾಟಿಗೆ ಒರಗಿ ನಿಂತಿರುವಾಗ ಅವರ ಫೋನ್ ಬಂತು.

“ಒಪ್ಪಿಕೊಂಡ್ರು,” ಎಂದರು. ಆಮೇಲೆ ದನಿ ತಗ್ಗಿಸಿ, “ಆದರೆ ಗಾಡಿ ಇಲ್ಲ ಅಂತಾರೆ. ಇರೋದೆಲ್ಲ ಕೆಂಪು ಜಾಗಕ್ಕೆ ಹೋಗಿವೆ. ನಾಳೆ ಬೆಳಿಗ್ಗೆ ನೋಡೋಣ ಅಂತಾರೆ. ಅವರನ್ನೂ ಬೈಯೋ ಹಾಗಿಲ್ಲ.”

ಚಂಡಮಾರುತ ದಡಕ್ಕೆ ಬಡಿಯುವುದು ಮರುದಿನ ಮಧ್ಯಾಹ್ನ, ಉಬ್ಬರದ ಹೊತ್ತಿಗೇ ಎಂದು ಹವಾಮಾನದವರು ಹೇಳಿದ್ದರು. ಬೆಳಿಗ್ಗೆ ಎಂದರೆ ಗಾಳಿಯ ನಡುವೆ ಎಂದರ್ಥ.

ಅಕ್ಕ ಬಾಗಿಲು ಹಾಕಿಕೊಂಡು ಒಳಗೆ ಬಂದಳು. ಬಿಳಿ ಕೋಟು, ಬಿಗಿಯಾಗಿ ಕಟ್ಟಿದ ಕೂದಲು, ಕತ್ತಿನಲ್ಲಿ ಬೀಗದ ಕೈ. ಆಶ್ರಮ ನಡೆಸುವ ಸಂಸ್ಥೆಯ ಮ್ಯಾನೇಜರ್ ಜೊತೆ ಆಗಲೇ ಮಾತಾಡಿದ್ದಳು. “ನಿಮಗೆ ಬಿಟ್ಟಿದ್ದು ಅಂದ,” ಎಂದು ತುಟಿ ಕೊಂಕಿಸಿದಳು. “ಯಾವಾಗಲೂ ಒಂದು ಬಲ್ಬ್ ಬದಲಾಯಿಸೋಕೂ ಅವನನ್ನ ಕೇಳಬೇಕು. ಇವತ್ತು ನನಗೆ ಬಿಟ್ಟಿದ್ದಂತೆ.”

ವೈದ್ಯರನ್ನೂ ಕೇಳಿದ್ದಳು. ಎದೆಯ ತೊಂದರೆ ಇರುವವರನ್ನು ಅಲುಗಾಡಿಸಿದರೆ ಏನು ಬೇಕಾದರೂ ಆಗಬಹುದು ಎಂದಿದ್ದರು ಅವರು.

“ನೀರು ಬಂದೇ ಬರುತ್ತಾ?” ಎಂದು ಅಕ್ಕ ಕೇಳಿದಳು.

“ಗೊತ್ತಿಲ್ಲ.”

“ಬಂದ್ರೆ ಎಷ್ಟು?”

“ಅದೂ ಗೊತ್ತಿಲ್ಲ ಅಕ್ಕಾ. ಗಾಳಿಯ ಮೇಲೆ ಹೋಗುತ್ತೆ. ಬಂದ್ರೆ ತಡೆಯೋಕೆ ಅಲ್ಲಿ ಏನೂ ಇಲ್ಲ, ಅಷ್ಟು ಮಾತ್ರ ಗೊತ್ತು.”

“ನಿನ್ನ ಕೈಲಿ ಒಂದು ಹೌದು ಇಲ್ಲ ಅನ್ನೋಕಾಗಲ್ವೇನೇ? ಇಷ್ಟು ಯಂತ್ರ ಇಟ್ಕೊಂಡು?” ಅಕ್ಕನ ದನಿ ಏರಿತು. “ಮೂಲೆ ಕೋಣೆಯ ಅಜ್ಜಿಗೆ ಉಸಿರಾಟದ ತೊಂದರೆ. ಪಕ್ಕದ ಅಜ್ಜನ ಕಾಲು ನೆಟ್ಟಗಿಲ್ಲ. ಹಾಸಿಗೆ ಹಿಡಿದವರೇ ಎಷ್ಟೊಂದು ಜನ. ನಿನ್ನ ಮಾತು ಕೇಳ್ಕೊಂಡು ಇವರನ್ನೆಲ್ಲ ಎತ್ಕೊಂಡು ಹೋದೆ, ನಾಳೆ ಬಿಸಿಲು ಬಂತು, ದಾರಿಯಲ್ಲಿ ಒಬ್ಬರು ಹೋಗಿಬಿಟ್ರು ಅಂತಿಟ್ಕೋ. ಅವರ ಮನೆಯವರಿಗೆ ಏನು ಹೇಳಲಿ?”

ಚುಕ್ಕಿ ತನಗೆ ಗೊತ್ತಿದ್ದದ್ದನ್ನು ಹೇಳಿಯಾಗಿತ್ತು. ಗೊತ್ತಿಲ್ಲದ್ದನ್ನು ಗೊತ್ತು ಎನ್ನಲು ನಾಲಿಗೆ ಹೊರಳಲಿಲ್ಲ. ಅಕ್ಕನೂ ಒತ್ತಾಯಿಸಲಿಲ್ಲ. ಕಿಟಕಿಯ ಬಳಿ ಹೋಗಿ ಜೊಂಡಿನ ಕಡೆ ನೋಡುತ್ತಾ ಕತ್ತಿನ ಬೀಗದ ಕೈಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಆಮೇಲೆ ಬಾಗಿಲು ತೆರೆದು, “ನಿನ್ನ ಗಂಡ ಎಲ್ಲಿ? ಬಸ್ಸನ್ನ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸು ಅಂತ ಹೇಳು,” ಎಂದಳು.

ಆ ಮಧ್ಯಾಹ್ನವೆಲ್ಲ ಎತ್ತುವುದು, ಇಳಿಸುವುದು. ಗಂಡನ ಶಾಲೆ ಇದ್ದದ್ದು ಎತ್ತರದಲ್ಲಿ. ಅಲ್ಲಿನ ಆಟದ ಹಾಲನ್ನು ತೆರೆಸಿ, ನೆಲಕ್ಕೆ ವ್ಯಾಯಾಮದ ದಪ್ಪ ಚಾಪೆಗಳನ್ನು ಹಾಸಿದರು. ಬಸ್ಸು ಹಲವು ಸಲ ಹೋಗಿ ಬಂತು. “ಮಕ್ಕಳಿಗಿಂತ ಇವರೇ ವಾಸಿ, ಕಿಟಕಿಯಿಂದ ಕೈ ಹೊರಗೆ ಹಾಕಲ್ಲ,” ಎಂದು ಗಂಡ ಹೇಳುತ್ತಿರುವಾಗಲೇ ಮುದುಕರೊಬ್ಬರು ಕೈ ಹೊರಗೆ ಹಾಕಿ ಗಾಳಿ ಹಿಡಿಯತೊಡಗಿದರು. ಬಸ್ಸಿನಲ್ಲಿ ನಗು ಎದ್ದಿತು. ಕೆಲವರಿಗೆ ಇದೊಂದು ಪ್ರವಾಸವಾಗಿತ್ತು. ಕೆಲವರು ತಮ್ಮನ್ನು ಎಲ್ಲಿಗೋ ಬಿಟ್ಟುಬರಲು ಒಯ್ಯುತ್ತಿದ್ದಾರೆಂದು ಅಳುತ್ತಿದ್ದರು.

ಮೂಲೆ ಕೋಣೆಯ ಅಜ್ಜಿಯನ್ನು ಕೊನೆಯ ಸುತ್ತಿನಲ್ಲಿ ಕರೆದೊಯ್ದರು. ಒಂದು ಕಾಲಕ್ಕೆ ಹೆಸರಾಂತ ದರ್ಜಿಯಾಗಿದ್ದವಳು. ಎಲ್ಲರೂ ದರ್ಜಿ ಅಜ್ಜಿ ಎನ್ನುತ್ತಿದ್ದರು. ಮೂಗಿಗೆ ಆಮ್ಲಜನಕದ ಕೊಳವೆ, ಮೈಗೆ ಎರಡು ಹೊದಿಕೆ. ಚುಕ್ಕಿ ಪಕ್ಕದಲ್ಲಿ ಕೂತು ಸಿಲಿಂಡರನ್ನು ಕಾಲುಗಳ ನಡುವೆ ಬಿಗಿಹಿಡಿದಿದ್ದಳು. ಅಜ್ಜಿ ಅವಳ ಜಾಕೆಟ್ಟಿನ ತೋಳನ್ನು ಹೆಬ್ಬೆರಳಿನಿಂದ ಸವರಿ, “ಹೊಲಿಗೆ ಅವಸರದ್ದು. ತಂದುಕೊಡು, ಸರಿಮಾಡ್ತೀನಿ,” ಎಂದಳು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವಳ ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು. ಪ್ರತಿ ಸಿಳ್ಳೆಗೂ ಚುಕ್ಕಿ ಸಿಲಿಂಡರಿನ ಮುಳ್ಳನ್ನು ನೋಡುತ್ತಿದ್ದಳು.

ಮರುದಿನ ಬೆಳಗಾದಾಗ ಗಾಳಿ ಎದ್ದಿತ್ತು. ಹಾಲಿನ ತಗಡಿನ ಛಾವಣಿ ಗುಡುಗುತ್ತಿತ್ತು. ಸಿಬ್ಬಂದಿ ಚಾಪೆಯಿಂದ ಚಾಪೆಗೆ ಓಡಾಡುತ್ತಿದ್ದರು. ಫೋನುಗಳು ಸತ್ತಿದ್ದವು. ಆಶ್ರಮ ಏನಾಯಿತು ಎಂದು ತಿಳಿಯುವ ದಾರಿಯಿರಲಿಲ್ಲ. ಚುಕ್ಕಿ ಎತ್ತರದ ಕಿಟಕಿಯ ಕೆಳಗೆ ಬೆಂಚೊಂದನ್ನು ಎಳೆದು ಹತ್ತಿ ನೋಡಿದಳು. ಬೂದು ಬಣ್ಣದ ನೀರಿನ ಪರದೆ ಬಿಟ್ಟರೆ ಏನೂ ಕಾಣಲಿಲ್ಲ. ಹಾಲಿನ ಇನ್ನೊಂದು ತುದಿಯಲ್ಲಿ ಅಕ್ಕ ದರ್ಜಿ ಅಜ್ಜಿಯ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸುತ್ತಿದ್ದಳು. ಅಜ್ಜಿಗೆ ಜ್ವರ ಬಂದಿತ್ತು.

ಆಗ ಚುಕ್ಕಿಗೆ ತನ್ನ ಮನಸ್ಸಿನಲ್ಲಿ ಓಡುತ್ತಿರುವುದೇನು ಎಂದು ಅರಿವಾಯಿತು. ನೀರು ಬರಲಿ ಎಂದು ಅವಳು ಬಯಸುತ್ತಿದ್ದಳು. ಆ ಒಡಕಿನಿಂದ ಕಡಲು ನುಗ್ಗಿ, ಕೋಣೆಗಳನ್ನೆಲ್ಲ ತುಂಬಿ, ಕಿಟಕಿಯ ಮೇಲೇರಲಿ, ಎತ್ತಿಕೊಂಡು ಬಂದದ್ದು ಸಾರ್ಥಕವಾಗಲಿ ಎಂದು ಹಾರೈಸುತ್ತಿದ್ದಳು. ಅವರ ಮಂಚಗಳು, ಫೋಟೋಗಳು, ಕಪಾಟುಗಳು ಎಲ್ಲ ಅಲ್ಲೇ ಇದ್ದವು. ಇಷ್ಟು ಜನರ ಮನೆ ಮುಳುಗಲಿ ಎಂದು ಬಯಸುವವಳು ನಾನೇನಾ ಎಂದುಕೊಂಡಳು. ಬೆಂಚಿನಿಂದ ಇಳಿದು, ಯಾರಿಗೂ ಬೇಡವಾಗಿದ್ದ ನೀರಿನ ಲೋಟಗಳನ್ನು ಮತ್ತೆ ತೊಳೆಯತೊಡಗಿದಳು.

ಸಂಜೆಗೆ ಗಾಳಿ ಇಳಿಯಿತು. ದರ್ಜಿ ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಮಾರನೆಯ ದಿನ ರಸ್ತೆ ತೆರೆದಾಗ ಅಕ್ಕ, ಚುಕ್ಕಿ, ಗಂಡ ಮೂವರೂ ಆಶ್ರಮಕ್ಕೆ ಹೋದರು. ಜೊಂಡು ಆ ಒಂದು ಕಡೆ ಮಾತ್ರ ಬಾಚಿದಂತೆ ಒಳಮುಖವಾಗಿ ಮಲಗಿತ್ತು. ನೀರು ಅಲ್ಲಿಂದಲೇ ಬಂದಿತ್ತು. ಬಂದು, ಅಂಗಳ ದಾಟಿ, ಕೋಣೆಗಳಲ್ಲಿ ಮಂಡಿಯ ಮಟ್ಟಕ್ಕೆ ನಿಂತು, ಹಿಂತಿರುಗಿತ್ತು. ಗೋಡೆಯ ಮೇಲೆ ಕಂದು ಗೆರೆ ಸ್ಪಷ್ಟವಾಗಿತ್ತು. ತಗ್ಗು ಮಂಚಗಳ ಹಾಸಿಗೆಗಳು ನೀರು ಕುಡಿದು ಊದಿಕೊಂಡಿದ್ದವು.

“ರಾತ್ರಿಪಾಳಿಗೆ ಇಬ್ಬರೇ ಇರ್ತಿದ್ರು. ಗಾಳಿ ಅಂತ ಹಗಲಿನವರು ಬರದೇ ಇದ್ದಿದ್ರೆ ಅವರಿಬ್ಬರೇ,” ಎಂದು ಅಕ್ಕ ತನಗೆ ತಾನೇ ಎಂಬಂತೆ ಹೇಳಿಕೊಂಡಳು. “ಎಲ್ಲರನ್ನೂ ಎತ್ತೋಕೆ ಆಗ್ತಿತ್ತಾ ಇಲ್ವಾ?”

ಮೂಲೆ ಕೋಣೆಯಲ್ಲಿ ದರ್ಜಿ ಅಜ್ಜಿಯದು ಎತ್ತರದ ಆಸ್ಪತ್ರೆ ಮಂಚ. ಅಕ್ಕ ಹಾಸಿಗೆಯ ಮೇಲೆ ಅಂಗೈ ಊರಿದಳು. ಒಣಗಿತ್ತು. ಚಾದರದ ಮಡಿಕೆ ಕೂಡ ಮುರಿದಿರಲಿಲ್ಲ.

ಅಜ್ಜಿ ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದುಕೊಂಡಿದ್ದು ತೀರಿಕೊಂಡಳು. ಎದೆಯಲ್ಲಿ ಕಫ ಕಟ್ಟಿತ್ತು. ಅವಳ ಸಾಮಾನು ತೆಗೆದುಕೊಂಡು ಹೋಗಲು ಮಗ ಬಂದ. ಆ ಹೊತ್ತಿಗೆ ಚುಕ್ಕಿಯೂ ಅಲ್ಲಿದ್ದಳು, ರಜೆ ಹಾಕಿ ಕೆಸರು ತೆಗೆಯಲು ಬಂದಿದ್ದಳು. ಆತ ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಜಗಳಕ್ಕೆ ಬಂದಿರಲಿಲ್ಲ. ಕೋಣೆಯೊಳಗೆ ನಿಂತು ಗೋಡೆಯ ಗೆರೆಯನ್ನೂ ಮಂಚವನ್ನೂ ನೋಡಿದ.

“ಅಮ್ಮನ ಹಾಸಿಗೆ ನೆಂದಿತ್ತಾ?” ಎಂದು ಕೇಳಿದ.

ಚುಕ್ಕಿಯ ಕೈಯಲ್ಲಿದ್ದ ಪೊರಕೆ ನಿಂತಿತು. ಹೌದು ಎಂದು ಹೇಳಿಬಿಡು ಅಕ್ಕಾ, ಎಂದು ಒಳಗೊಳಗೇ ಬೇಡಿಕೊಂಡಳು.

“ಇಲ್ಲ,” ಎಂದಳು ಅಕ್ಕ. “ಒಣಗಿತ್ತು.”

“ಹಾಗಾದ್ರೆ ಇಲ್ಲೇ ಇದ್ದಿದ್ರೆ...”

“ಕರೆಂಟು ಹೋಗಿತ್ತು. ಆಮ್ಲಜನಕದ ಯಂತ್ರ ನಿಂತಿರ್ತಿತ್ತು. ಸಿಲಿಂಡರ್ ಒಂದಿತ್ತು. ಸಾಕಾಗ್ತಿತ್ತೋ ಇಲ್ವೋ ನನಗೆ ಗೊತ್ತಿಲ್ಲ. ಬದುಕ್ತಿದ್ರೇನೋ. ಕರೆದುಕೊಂಡು ಹೋಗೋದು ಅಂತ ನಿರ್ಧಾರ ಮಾಡಿದ್ದು ನಾನು.”

ಆತ ತಲೆಯಾಡಿಸಿದ. ಕ್ಷಮಿಸಿದ ಹಾಗೂ ಅಲ್ಲ, ಕ್ಷಮಿಸದ ಹಾಗೂ ಅಲ್ಲ. ತಾಯಿಯ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು, ಇಬ್ಬರಿಗೂ ಕೈಮುಗಿದು ಹೊರಟುಹೋದ.

ಆ ಮೇಲೆ ಅಕ್ಕ ತಂಗಿಯೊಂದಿಗೆ ಮಾತು ಕಡಿಮೆ ಮಾಡಿದಳು. ಫೋನ್ ಮಾಡಿದರೆ ಎತ್ತುತ್ತಿದ್ದಳು, ಆದರೆ ಹೂಂ, ಉಹೂಂ ಅಷ್ಟೇ. ಚುಕ್ಕಿಗೆ ಊಟ ಸೇರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟುತ್ತಿದ್ದರು. ಅವಳು ಹಿಡಿದ ಅಳತೆ ಸರಿಯಾಗಿತ್ತು, ಇನ್ನೂ ಎಷ್ಟೋ ಜನ ತಗ್ಗು ಮಂಚದ ಮೇಲಿದ್ದರು, ಏನಾಗುತ್ತಿತ್ತೋ ಎನ್ನುತ್ತಿದ್ದರು. ಅದೆಲ್ಲ ಅವಳ ಕಿವಿಗೆ ಬೀಳುತ್ತಿತ್ತೇ ಹೊರತು ಒಳಗಿಳಿಯುತ್ತಿರಲಿಲ್ಲ. ಒಂದು ಭಾನುವಾರ ತಡೆಯಲಾರದೆ ಆಟದ ಹಾಲಿಗೆ ಹೋದಳು. ಆಶ್ರಮ ಇನ್ನೂ ಅಲ್ಲೇ ನಡೆಯುತ್ತಿತ್ತು. ಅಕ್ಕ ಹೊರಗಿನ ನಲ್ಲಿಯ ಬಳಿ ಬಟ್ಟೆ ಹಿಂಡುತ್ತಿದ್ದಳು.

“ಅಕ್ಕಾ, ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡು. ಹೀಗೆ ಸುಮ್ಮನಿರಬೇಡ. ನಾನು ಆ ದಿನ ಬರದೇ ಇದ್ದಿದ್ರೆ ಅಜ್ಜಿ...”

“ನಿಲ್ಲಿಸು,” ಎಂದಳು ಅಕ್ಕ. ಹಿಂಡಿದ ಚಾದರದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ಅದನ್ನು ಕೊಡವಿ ಹಗ್ಗಕ್ಕೆ ಹಾಕಿದರು. “ನೀನು ಬಂದು ಒಡ್ಡಿಲ್ಲ ಅಂದೆ. ಒಡ್ಡಿರಲಿಲ್ಲ. ನಿನ್ನದು ಅಲ್ಲಿಗೆ ಮುಗೀತು. ಅವಳನ್ನ ಎತ್ತಿಸಿ ಬಸ್ಸಿಗೆ ಹಾಕಿದ್ದು ನಾನು. ಅದನ್ನೂ ನೀನೇ ಹೊತ್ಕೊಂಡು ಅಳ್ತಾ ಕೂತ್ರೆ ನನಗೆ ಏನು ಉಳೀತು? ನಾನೇನು ನಿನ್ನ ಕೈಗೊಂಬೆನಾ?”

“ಹಾಗಲ್ಲ...”

“ನನಗೆ ಒಂದಿಷ್ಟು ದಿನ ಬೇಕು ಅಷ್ಟೇ. ಅವಳ ಸಿಳ್ಳೆ ಉಸಿರು ಕಿವಿಯಿಂದ ಹೋಗ್ತಾ ಇಲ್ಲ.” ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಸಿಟ್ಟೇನೂ ಇಲ್ಲ. ಆ ಬಕೆಟ್ ಇತ್ತ ತಳ್ಳು.”

ನಕ್ಷೆ ಕಚೇರಿಯಲ್ಲಿ ಚುಕ್ಕಿ ಹಟ ಹಿಡಿದಳು. ಜೊಂಡು ಬೆಳೆಯುವ ಜಾಗಗಳನ್ನೆಲ್ಲ ಚಳಿಗಾಲದಲ್ಲಿ ಮತ್ತೊಮ್ಮೆ ವಿಮಾನ ಹಾರಿಸಿ ಅಳೆಯಬೇಕು, ಹಾರುವಾಗ ಕೆಳಗೆ ಕೋಲು ಹಿಡಿದವರೂ ಇರಬೇಕು ಎಂದಳು. ಮೇಲಧಿಕಾರಿ ಖರ್ಚು, ಪರವಾನಗಿ, ವಿಮಾನ ಎಂದೆಲ್ಲ ಗೊಣಗಿದರು, ಗೊಣಗುತ್ತಲೇ ಎಲ್ಲವನ್ನೂ ಹೊಂದಿಸಿದರು. ಅಷ್ಟರಲ್ಲಿ ಒಡಕಿದ್ದ ಕಡೆ ಲಾರಿಗಳು ಮಣ್ಣು ಸುರಿದು ಹೊಸ ಒಡ್ಡು ಕಟ್ಟಿದ್ದವು.

ಚಳಿ ಬಂದಾಗ ಜೊಂಡು ಒಣಗಿ, ಕಂದಾಗಿ, ಬಾಗಿತು. ಒಂದು ಬೆಳಿಗ್ಗೆ ಚುಕ್ಕಿ ಹೊಸ ಒಡ್ಡಿನ ಮೇಲೆ ಕೋಲು ನೆಟ್ಟು ನಿಂತಿದ್ದಾಗ ವಿಮಾನ ಬಂತು. ಇಳಿತದ ಕೆಸರಿನ ಮೇಲೆ ಅದರ ನೆರಳು ಸರಕ್ಕನೆ ಹಾದುಹೋಯಿತು. ದೂರ ಹೋಗಿ ತಿರುಗಿ ಪಕ್ಕದ ನೆಲದ ಪಟ್ಟಿ ಹಿಡಿದು ಮತ್ತೆ ಬಂತು. ಬರುವ ಪ್ರತಿ ಸಲವೂ ಅವಳು ತಲೆಯೆತ್ತಿ ನೋಡುತ್ತಿದ್ದಳು: ಇದರಲ್ಲಿ ಇನ್ನೆಲ್ಲಿ, ಇನ್ನೇನು ತಪ್ಪಿಸಿಕೊಳ್ಳುತ್ತದೋ. ಜೇಬಿನಲ್ಲಿ ಫೋನ್ ಅದುರಿತು.

“ಮುಗೀತಾ?” ಅಕ್ಕನ ದನಿ. “ಮ್ಯಾನೇಜರ್ ಕೇಳ್ತಿದ್ದಾನೆ, ವಾಪಸ್ ಯಾವಾಗ ಹೋಗಬಹುದು ಅಂತ. ಹೊಸ ಒಡ್ಡು ಸಾಕಷ್ಟು ಎತ್ತರ ಇದೆಯಾ?”

“ಇವತ್ತು ಅಳತೆ ಹಿಡೀತಾ ಇದ್ದೀವಿ. ಲೆಕ್ಕ ಹಾಕಿ ನೋಡಬೇಕು.”

“ನಿನ್ನ ಕಣ್ಣಿಗೆ ಹೇಗೆ ಕಾಣುತ್ತೆ?”

ಚುಕ್ಕಿ ಒಡ್ಡಿನ ಉದ್ದಕ್ಕೂ ನೋಡಿದಳು. ಹಸಿ ಮಣ್ಣು, ಲಾರಿಯ ಗಾಲಿಗಳ ಗುರುತು, ಅಲ್ಲಲ್ಲಿ ಆಗಲೇ ತಲೆಯೆತ್ತುತ್ತಿದ್ದ ಹುಲ್ಲು. ಚೆನ್ನಾಗಿಯೇ ಕಾಣುತ್ತಿತ್ತು.

“ಕಣ್ಣಿನ ಲೆಕ್ಕ ಹೇಳಲ್ಲ ಅಕ್ಕಾ,” ಎಂದಳು.

“ಸರಿ. ಕಾಯ್ತೀವಿ,” ಎಂದಳು ಅಕ್ಕ. “ಊಟ ಮಾಡಿದ್ಯಾ?”

“ಇನ್ನೂ ಇಲ್ಲ.”

“ಮುಗಿಸ್ಕೊಂಡು ಇಲ್ಲಿಗೇ ಬಾ. ನಿನ್ನ ಗಂಡನ್ನೂ ಕರ್ಕೊಂಡು ಬಾ.”

ವಿಮಾನ ಮತ್ತೆ ತಿರುಗಿ ಬರುತ್ತಿತ್ತು. ಅವಳು ಫೋನನ್ನು ಜೇಬಿಗಿಳಿಸಿ, ಕೋಲು ನೆಟ್ಟಗಿದೆಯೇ ಎಂದು ತೋರಿಸುವ ಗಾಜಿನೊಳಗಿನ ನೀರಗುಳ್ಳೆ ನಡುವಿಗೆ ಬರುವವರೆಗೆ ಅದನ್ನು ಸ್ವಲ್ಪ ಸ್ವಲ್ಪವೇ ಸರಿಪಡಿಸುತ್ತಾ ನಿಂತಳು.